ಯಾರು, ಏಕೆ, ಯಾವ ಬೆಟ್ಟಕ್ಕೆ: ಚಾರಣ ಸಂಘಟಕರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನಿಂದ ವಾರಾಂತ್ಯದ ಚಾರಣಗಳನ್ನು ಏರ್ಪಡಿಸುವ ಎಲ್ಲ ತಂಡಗಳ ಸಂಘಟಕರಿಗೆ,

ಮಾನ್ಯರೇ,

ಶುಕ್ರವಾರ ರಾತ್ರಿ ನಗರದಿಂದ ಹೊರಟು ಭಾನುವಾರ ತಡರಾತ್ರಿ ಮರಳುವ ಟೆಂಪೊ ಟ್ರಾವೆಲರ್‌ಗಳ ಸುತ್ತ ಒಂದು ಉದ್ಯಮವೇ ಬೆಳೆದು ನಿಂತಿದೆ. ನಗರದಲ್ಲಿ ಹುಟ್ಟಿ ಬೆಳೆದ ಎಷ್ಟೋ ಯುವಜನರು ಮಲೆನಾಡಿನ ಕಾಡನ್ನು ಮೊದಲ ಬಾರಿಗೆ ಕಾಣುವುದು ಈ ಉದ್ಯಮದ ಮೂಲಕವೇ. ಯಾವ ಬೆಟ್ಟಕ್ಕೆ ದಿನಕ್ಕೆ ಎಷ್ಟು ಜನ ಹೋಗಬಹುದೆಂಬುದನ್ನು ಅರಣ್ಯ ಇಲಾಖೆ ಹೇಳಬಲ್ಲದು, ಆದರೆ ಯಾರು ಹೋಗಬೇಕು ಮತ್ತು ಏನನ್ನು ಅರಸಿ ಹೋಗಬೇಕು ಎಂಬುದನ್ನು ಹೇಳುವ ಸಾಧನ ಅದರ ಬಳಿ ಇಲ್ಲ. ಆ ನಿರ್ಧಾರ ವಾಸ್ತವದಲ್ಲಿ ಸಂಘಟಕರ ಜಾಹೀರಾತಿನಲ್ಲಿ, ಅವರು ಆರಿಸುವ ಜಾಗದಲ್ಲಿ, ನೋಂದಣಿಯ ನಮೂನೆಯಲ್ಲಿ ಆಗಿಹೋಗಿರುತ್ತದೆ. ಹೊರಾಂಗಣದ ಪರಿಸರಗಳು ಒಂದೇ ಬಗೆಯವಲ್ಲ, ಅವುಗಳನ್ನು ಅರಸುವ ಮನಸ್ಸುಗಳೂ ಒಂದೇ ಬಗೆಯವಲ್ಲ ಎಂಬುದು ಎಲ್ಲರಿಗೂ ತಿಳಿದ ಮಾತೇ. ಆದರೂ ಎಲ್ಲ ಮನಸ್ಸುಗಳನ್ನೂ ಒಂದೇ ಬಗೆಯ ಪರಿಸರಕ್ಕೆ, ಅದರಲ್ಲೂ ತುಳಿತವನ್ನು ತಾಳಿಕೊಳ್ಳಲಾರದ ಶೋಲಾ ಹುಲ್ಲುಗಾವಲಿಗೆ, ಸಾಗಿಸುವ ಪರಿಪಾಠ ಬೇರೂರಿದೆ. ಈ ಪತ್ರದ ತಕರಾರು ಇರುವುದು ಅದರ ಬಗ್ಗೆ.

ಜನ ಮನೆ ಬಿಟ್ಟು ಹೊರಗೆ ಏಕೆ ಹೋಗುತ್ತಾರೆ ಎಂಬುದು ಶಾಸ್ತ್ರೀಯ ಅಧ್ಯಯನದ ವಸ್ತುವಾಗಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲವಾಗಿದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಬಿ. ಎಲ್. ಡ್ರೈವರ್ ಮತ್ತು ಅವರ ಸಹೋದ್ಯೋಗಿಗಳು ವಿಹಾರಿಗಳ ಪ್ರೇರಣೆಗಳನ್ನು ಅಳೆಯಲು ಒಂದು ಪ್ರಶ್ನಾವಳಿಯನ್ನು ರೂಪಿಸಿದರು. ಸಾಧನೆಯ ಹಂಬಲ, ಒಡನಾಟ, ಏಕಾಂತ, ಕಲಿಕೆ, ಅಪಾಯದ ರೋಮಾಂಚನ, ದೇಹದ ವ್ಯಾಯಾಮ, ದಿನನಿತ್ಯದ ಒತ್ತಡದಿಂದ ಬಿಡುಗಡೆ ಮುಂತಾದವು ಅದರಲ್ಲಿ ಬೇರೆ ಬೇರೆ ಅಂಶಗಳಾಗಿ ಬರುತ್ತವೆ. ಆ ಪರಂಪರೆಯ ಸಂಶೋಧನೆಯಿಂದ ಹೊರಬಿದ್ದ ಮುಖ್ಯ ತಿಳಿವಳಿಕೆಯೆಂದರೆ, ಒಂದೇ ಚಟುವಟಿಕೆಯಲ್ಲಿ ತೊಡಗಿದವರ ಪ್ರೇರಣೆಗಳು ಒಂದೇ ಆಗಿರಬೇಕಿಲ್ಲ, ಹಾಗೆಯೇ ಒಂದೇ ಪ್ರೇರಣೆಯನ್ನು ತೀರಾ ಬೇರೆ ಬೇರೆ ಚಟುವಟಿಕೆಗಳು ತಣಿಸಬಲ್ಲವು. ಕುಮಾರಪರ್ವತ ಹತ್ತುವ ಹನ್ನೆರಡು ಜನರ ಒಂದು ತಂಡದಲ್ಲಿ ಕುಕ್ಕೆ ಸುಬ್ರಹ್ಮಣ್ಯದಿಂದ ಒಂದೂವರೆ ಸಾವಿರ ಮೀಟರಿಗೂ ಹೆಚ್ಚಿನ ಏರನ್ನು ತನ್ನ ಕಾಲು ತಾಳಬಲ್ಲದೇ ಎಂದು ಪರೀಕ್ಷಿಸಿಕೊಳ್ಳಬೇಕೆಂದು ಬಂದವರು ಇಬ್ಬರಿರಬಹುದು. ಉಳಿದವರಲ್ಲಿ ಹೆಚ್ಚಿನವರಿಗೆ ಬೇಕಾದದ್ದು ಗೆಳೆಯರ ಜೊತೆ ಎರಡು ದಿನ, ಒಳ್ಳೆಯ ನಾಲ್ಕು ಚಿತ್ರ, ಕಚೇರಿಯ ಫೋನು ಸಿಗದಷ್ಟು ದೂರ. ಈ ಬಯಕೆಗಳಲ್ಲಿ ಯಾವುದೂ ಕೀಳಲ್ಲ. ಚಿತ್ರಕ್ಕಾಗಿ ಬೆಟ್ಟ ಹತ್ತುವವರನ್ನು ಲಘುವಾಗಿ ಕಾಣುವುದು ಹಳೆಯ ಚಾರಣಿಗರಿಗೆ ಅಂಟಿಕೊಂಡ ಒಂದು ಜಂಭವೇ ಹೊರತು ವಾದವಲ್ಲ. ಕೇಳಬೇಕಾದ ಪ್ರಶ್ನೆಯೆಂದರೆ ಈ ಹತ್ತು ಜನರ ಬಯಕೆ ಈಡೇರಲು ಆ ಬೆಟ್ಟವಿರುವ ಪುಷ್ಪಗಿರಿ ವನ್ಯಜೀವಿಧಾಮವೇ ಬೇಕಿತ್ತೇ ಎಂಬುದು.

ಪರಿಸರಗಳನ್ನು ವಿಂಗಡಿಸುವ ಕ್ರಮವೂ ಅದೇ ಅರಣ್ಯ ಸೇವೆಯಲ್ಲಿ ರೂಪುಗೊಂಡಿತು. ರೋಜರ್ ಕ್ಲಾರ್ಕ್ ಮತ್ತು ಜಾರ್ಜ್ ಸ್ಟಾಂಕಿ 1979ರಲ್ಲಿ ವಿವರಿಸಿದ ‘ವಿಹಾರಾವಕಾಶಗಳ ಶ್ರೇಣಿ’ ಎಂಬ ಚೌಕಟ್ಟು ಹೊರಾಂಗಣದ ಜಾಗಗಳನ್ನು ಮನುಷ್ಯನ ಹಸ್ತಕ್ಷೇಪ ಎಷ್ಟಿದೆ ಎಂಬುದರ ಮೇಲೆ ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ: ಒಂದು ತುದಿಯಲ್ಲಿ ರಸ್ತೆಯಾಗಲಿ ಕಟ್ಟಡವಾಗಲಿ ಇಲ್ಲದ ಮೂಲಸ್ಥಿತಿಯ ಕಾಡು, ಇನ್ನೊಂದು ತುದಿಯಲ್ಲಿ ನಗರದ ಉದ್ಯಾನ, ನಡುವೆ ವಾಹನ ಬಾರದ ಅರೆಕಾಡು, ವಾಹನ ಬರುವ ಅರೆಕಾಡು, ರಸ್ತೆಯುಳ್ಳ ನಿಸರ್ಗ ತಾಣ, ಹಳ್ಳಿಗಾಡು. ಈ ಚೌಕಟ್ಟು ಯಾವ ಜಾಗ ಮೇಲು, ಯಾವುದು ಕೀಳು ಎಂದು ಹೇಳುವುದಿಲ್ಲ. ಪ್ರತಿಯೊಂದು ಮೆಟ್ಟಿಲಿಗೂ ಅದು ಚೆನ್ನಾಗಿ ಒದಗಿಸಬಲ್ಲ ಅನುಭವ ಬೇರೆ ಇದೆ ಎಂಬುದಷ್ಟೇ ಅದರ ಪ್ರಮೇಯ.

ಕರ್ನಾಟಕದ ಮಟ್ಟಿಗೆ ಈ ಸಾಲು ಅಸಾಧಾರಣವಾಗಿ ಉದ್ದವಾಗಿದೆ. ಲಾಲ್‌ಬಾಗಿನೊಳಗೆ ಕೆಂಪೇಗೌಡರ ಗೋಪುರವನ್ನು ಹೊತ್ತ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದಾಗಿದ್ದು, ಕೊಳ್ಳೇಗಾಲದಿಂದ ಬಂದವರೂ ಕೊಪೆನ್‌ಹೇಗನ್‌ನಿಂದ ಬಂದವರೂ ಅದರ ಮೇಲೆ ಚಪ್ಪಲಿ ಹಾಕಿಕೊಂಡೇ ಓಡಾಡುತ್ತಾರೆ, ಬಂಡೆಗೆ ಏನೂ ಆಗುವುದಿಲ್ಲ. 1,478 ಮೀಟರ್ ಎತ್ತರದ ನಂದಿಬೆಟ್ಟಕ್ಕೆ ಡಾಂಬರು ರಸ್ತೆ, ಸಾವನದುರ್ಗ ಹಾಗೂ ಮಧುಗಿರಿಗಳಲ್ಲಿ ನೇರವಾಗಿ ಮೇಲೇಳುವ ಏಕಶಿಲೆ, ಬಾದಾಮಿಯಲ್ಲಿ ಹಗ್ಗ ಕಟ್ಟಿ ಹತ್ತುವವರಿಗೆ ಹೇಳಿ ಮಾಡಿಸಿದಂತಹ ಮರಳುಗಲ್ಲಿನ ಗೋಡೆಗಳು, ಆನೆಗೊಂದಿಯ ಸುತ್ತ ಗ್ರಾನೈಟ್ ಗುಂಡುಗಳ ರಾಶಿ, ರಾಣೆಬೆನ್ನೂರಿನ ಕೃಷ್ಣಮೃಗಗಳ ಬಯಲು, ಪೆಲಿಕನ್ ಮತ್ತು ಬಣ್ಣದ ಕೊಕ್ಕರೆಗಳು ಮನೆಗಳ ನಡುವಣ ಹುಣಸೆ ಮರಗಳಲ್ಲೇ ಗೂಡು ಕಟ್ಟುವ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು, 2020ರಲ್ಲಿ ನೀಲಿ ಬಾವುಟದ ಮನ್ನಣೆ ಪಡೆದ ಕಾಸರಕೋಡು ಮತ್ತು ಪಡುಬಿದ್ರಿಯ ಕಡಲತೀರಗಳು, ಅಘನಾಶಿನಿಯ ಅಳಿವೆ, ಆಗುಂಬೆಯ ಮಳೆಕಾಡು, ಕೊಡಗಿನ ಸಾವಿರಕ್ಕೂ ಹೆಚ್ಚು ದೇವರಕಾಡುಗಳು. ಇಷ್ಟೆಲ್ಲ ಇದ್ದೂ ವಾರಾಂತ್ಯದ ಪಟ್ಟಿಗಳಲ್ಲಿ ಮತ್ತೆ ಮತ್ತೆ ಕಾಣುವುದು ಏಳೆಂಟು ಶಿಖರಗಳ ಹೆಸರು ಮಾತ್ರ, ಮತ್ತು ಅವುಗಳಲ್ಲಿ ಬಹುಪಾಲು ಪಶ್ಚಿಮಘಟ್ಟದ ಮೇಲ್ತುದಿಯ ಶೋಲಾ ಹುಲ್ಲುಗಾವಲುಗಳು.

ಶೋಲಾ ಎಂದರೆ ಬೆಟ್ಟದ ಮಡಿಕೆಗಳಲ್ಲಿ, ನೀರು ನಿಲ್ಲುವ ಕಡೆ ಮಾತ್ರ ಬೆಳೆಯುವ ಗಿಡ್ಡ ಮರಗಳ ನಿತ್ಯಹರಿದ್ವರ್ಣ ಕಾಡು. ಅದರ ಸುತ್ತಲಿನ ಇಳಿಜಾರು ಮತ್ತು ಏಣುಗಳನ್ನು ಹುಲ್ಲು ಹೊದೆದಿರುತ್ತದೆ. ಇವೆರಡೂ ಸೇರಿ ಮುಂಗಾರಿನ ನೀರನ್ನು ಹಿಡಿದು ನಿಧಾನವಾಗಿ ಬಿಟ್ಟುಕೊಡುವುದರಿಂದಲೇ ಕೆಳಗಿನ ಹಳ್ಳಗಳು ಬೇಸಗೆಯಲ್ಲೂ ಹರಿಯುತ್ತವೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ಇಂತಹ ಬೆಟ್ಟಸಾಲಿನಲ್ಲಿ, 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ. ಇದೇ ಸಾಲಿನಲ್ಲಿ ದಶಕಗಳ ಕಾಲ ನಡೆದ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಲು ಸುಪ್ರೀಂ ಕೋರ್ಟಿನ ಆದೇಶವೇ ಬೇಕಾಯಿತು, ಮತ್ತು ಅದು ನಿಂತದ್ದು 2005ರ ಕೊನೆಗೆ. ಕುದುರೆಮುಖವೂ ಪುಷ್ಪಗಿರಿಯೂ 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮಘಟ್ಟದ 39 ತಾಣಗಳಲ್ಲಿ ಬರುತ್ತವೆ. ಗಣಿಯನ್ನು ವಿರೋಧಿಸಿದವರಿಗೆ ಇದ್ದ ಒಂದು ಅನುಕೂಲವೆಂದರೆ ಹಾನಿ ಕಣ್ಣಿಗೆ ರಾಚುವಂತಿತ್ತು, ಅದಕ್ಕೆ ಒಬ್ಬ ಹೊಣೆಗಾರನಿದ್ದ. ಚಾರಣಿಗರ ಕಾಲಿನ ಹಾನಿಗೆ ಆ ಬಗೆಯ ವಿಳಾಸ ಇಲ್ಲ.

ಆ ಹಾನಿ ಹೇಗೆ ನಡೆಯುತ್ತದೆಂಬುದನ್ನು ಹತ್ತಿರದಿಂದ ನೋಡುವುದು ಅಗತ್ಯ. ಏಣಿನ ಮೇಲೆ ಏರುವ ಕಾಲುದಾರಿ ಮೊದಲಿಗೆ ಒಂದು ಪಾದದಷ್ಟೇ ಅಗಲ ಇರುತ್ತದೆ. ಹುಲ್ಲು ತುಳಿತಕ್ಕೆ ಬಗ್ಗಿ ಮತ್ತೆ ಏಳುವ ಸ್ವಭಾವದ್ದು, ಕಾಡಿನ ನೆರಳಲ್ಲಿ ಬೆಳೆದ ಎಳೆ ಗಿಡಗಳಿಗಿಂತ ಗಟ್ಟಿ. ಆದ್ದರಿಂದ ಬೇಸಗೆಯಲ್ಲಿ ನಾಲ್ಕು ಜನ ನಡೆದರೆ ಏನೂ ಆಗದು. ಮಳೆ ಶುರುವಾದ ಮೇಲೆ ಕತೆ ಬೇರೆ. ತುಳಿದ ಮಣ್ಣು ಗಟ್ಟಿಯಾಗಿ ನೀರನ್ನು ಹೀರಿಕೊಳ್ಳಲಾರದೆ ದಾರಿಯೇ ಕಾಲುವೆಯಾಗುತ್ತದೆ, ಕಾಲುವೆಯ ತಳ ಜಾರುತ್ತದೆ, ಜಾರುವುದನ್ನು ತಪ್ಪಿಸಲು ನಡೆಯುವವರು ಪಕ್ಕದ ಹುಲ್ಲಿನ ಮೇಲೆ ಕಾಲಿಡುತ್ತಾರೆ, ಎದುರಿನಿಂದ ಇಳಿದು ಬರುವ ಇನ್ನೊಂದು ತಂಡ ಮತ್ತೊಂದು ಪಕ್ಕಕ್ಕೆ ಸರಿಯುತ್ತದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಒಂದರ ಪಕ್ಕ ಇನ್ನೊಂದರಂತೆ ಮೂರು ನಾಲ್ಕು ಕೆಂಪು ಗೀರುಗಳು ಮೂಡಿ, ನಡುವೆ ಉಳಿದ ಹುಲ್ಲಿನ ಪಟ್ಟಿಗಳು ಬೇರು ಕಾಣಿಸಿಕೊಂಡು ಒಂದೊಂದಾಗಿ ಕುಸಿಯುತ್ತವೆ. ಕಡಿದಾದ ಇಳಿಜಾರು, ಕೆಲವೇ ತಿಂಗಳಲ್ಲಿ ಸುರಿದು ಮುಗಿಯುವ ಭಾರಿ ಮಳೆ, ತೆಳುವಾದ ಮೇಲ್ಮಣ್ಣು ಇವು ಮೂರೂ ಕೂಡಿದ ಕಡೆ ಹೀಗೆ ಕೊಚ್ಚಿಹೋದದ್ದು ಮನುಷ್ಯನ ಕಾಲಮಾನದಲ್ಲಿ ಮರಳಿ ಬರುವುದಿಲ್ಲ. ಮುಂಗಾರಿನ ಚಾರಣ ಎಂದು ಹಸಿರು ಚಿತ್ರಗಳೊಂದಿಗೆ ಜಾಹೀರಾತಾಗುವ ತಿಂಗಳುಗಳೇ ಈ ನೆಲ ಅತ್ಯಂತ ಮೆತ್ತಗಿರುವ ತಿಂಗಳುಗಳು.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಯಲ್ಲಿ, ಕುಮಾರಪರ್ವತದ ದಾರಿಯಲ್ಲಿ ಜನರು ಸಾಲುಗಟ್ಟಿ ನಿಂತ ದೃಶ್ಯಗಳು ಹರಿದಾಡಿದ ಮೇಲೆ ಸರ್ಕಾರ ಆನ್‌ಲೈನ್ ನೋಂದಣಿಯಿಲ್ಲದ ಚಾರಣಗಳನ್ನು ನಿಲ್ಲಿಸಿತು. ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಒಂದು ದಾರಿಗೆ ದಿನಕ್ಕೆ 300 ಜನರೆಂಬ ಮಿತಿ ಬಂದಿತು. ಇದು ‘ಧಾರಣಾ ಸಾಮರ್ಥ್ಯ’ ಎಂಬ ಕಲ್ಪನೆಯ, ಅಂದರೆ ಒಂದು ಜಾಗ ತನ್ನ ಗುಣ ಕೆಡದಂತೆ ಎಷ್ಟು ಬಳಕೆಯನ್ನು ತಾಳಬಲ್ಲದು ಎಂಬ ಲೆಕ್ಕಾಚಾರದ, ಒರಟು ಅನ್ವಯ. ಒರಟಾದರೂ ಅದು ಬೇಕಿತ್ತು. ಆದರೆ ಈ ಕಲ್ಪನೆಯನ್ನು ವಿಹಾರತಾಣಗಳಿಗೆ 1964ರಲ್ಲೇ ಅನ್ವಯಿಸಿ ನೋಡಿದ ಅಲನ್ ವ್ಯಾಗರ್ ಅವರೇ, ಸಂಖ್ಯೆಯನ್ನು ನೆಲದ ತಾಳಿಕೆಯಿಂದ ಮಾತ್ರ ತೀರ್ಮಾನಿಸಲಾಗದು, ಬರುವವರಿಗೆ ಬೇಕಾದದ್ದೇನೆಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬ ನಿಲುವಿಗೆ ಬಂದಿದ್ದರು. ಮುನ್ನೂರು ಜನ ಒಂದೇ ದಿನ ಒಂದೇ ಏಣಿನ ಮೇಲಿದ್ದರೆ ಒಡನಾಟ ಬಯಸಿದವರಿಗೆ ಅದು ಜಾತ್ರೆಯ ಸಂತೋಷ, ಏಕಾಂತ ಬಯಸಿದವರಿಗೆ ಹಣ ಕೊಟ್ಟು ಕೊಂಡ ನಿರಾಶೆ.

ಮಿತಿ ಬಂದ ಮೇಲೆ ಹಲವು ಸಂಘಟಕರು ಹಿಡಿದ ದಾರಿಯೇ ಈ ಪತ್ರದ ಅತಿ ದೊಡ್ಡ ಆತಂಕ. ಹೆಸರಾದ ಬೆಟ್ಟಗಳಲ್ಲಿ ಟಿಕೆಟ್ ಸಿಗದಿದ್ದಾಗ ‘ಯಾರೂ ಕಾಣದ’, ‘ಗುಪ್ತ’, ‘ಜನಜಂಗುಳಿಯಿಲ್ಲದ’ ಎಂಬ ವಿಶೇಷಣಗಳೊಂದಿಗೆ ಹೊಸ ಗುಡ್ಡಗಳನ್ನು ಹುಡುಕಿ ಮಾರುವುದು ರೂಢಿಯಾಗಿದೆ, ಮತ್ತು ಇದು ದಟ್ಟಣೆಯನ್ನು ಹಂಚುವ ಸದುದ್ದೇಶದ ಕೆಲಸವೆಂದೇ ಬಹಳ ಜನ ನಂಬಿದ್ದಾರೆ. ವಿಹಾರದ ಪರಿಣಾಮಗಳನ್ನು ಅಧ್ಯಯನ ಮಾಡುವ ಶಾಖೆ ಹೇಳುವುದು ಇದಕ್ಕೆ ವಿರುದ್ಧ. ಬಳಕೆ ಹೆಚ್ಚಿದಂತೆ ಹಾನಿ ಸಮಸಮವಾಗಿ ಹೆಚ್ಚುವುದಿಲ್ಲ. ಸಸ್ಯಹೊದಿಕೆಯ ಬಹುಪಾಲು ನಾಶ ಮೊದಮೊದಲ ಸ್ವಲ್ಪ ಬಳಕೆಯಲ್ಲೇ ಆಗಿಹೋಗುತ್ತದೆ, ಆಮೇಲೆ ಬಳಕೆ ಹಲವು ಪಟ್ಟಾದರೂ ಹೊಸ ಹಾನಿ ಅಷ್ಟಾಗಿ ಏರುವುದಿಲ್ಲ. ಈಗಾಗಲೇ ಸವೆದ ದಾರಿಯಲ್ಲಿ ಐವತ್ತು ಜನ ಹೆಚ್ಚು ನಡೆದರೆ ಆಗುವ ನಷ್ಟಕ್ಕಿಂತ, ಎಂದೂ ದಾರಿಯೇ ಇರದ ಗುಡ್ಡಕ್ಕೆ ಅದೇ ಐವತ್ತು ಜನ ಕಾಲಿಟ್ಟರೆ ಆಗುವ ನಷ್ಟ ಎಷ್ಟೋ ಹೆಚ್ಚು. ಹಂಚಿದ ಸಾಲದಂತೆ ಹಂಚಿದ ಹಾನಿ ಹಗುರವಾಗುತ್ತದೆಂಬ ಲೆಕ್ಕ ಬೆಟ್ಟದ ಮೇಲೆ ನಡೆಯದು. ಹೊಸ ಶಿಖರವನ್ನು ಪಟ್ಟಿಗೆ ಸೇರಿಸುವುದು ಸಂಘಟಕರು ಮಾಡಬಹುದಾದ ಕೆಲಸಗಳಲ್ಲೆಲ್ಲ ಅತ್ಯಂತ ದುಬಾರಿಯಾದದ್ದು, ಅದರ ಬೆಲೆ ತೆರುವವರು ಮಾತ್ರ ಬೇರೆ.

ಬೆಟ್ಟ ಹತ್ತುವುದಕ್ಕೆ ಈ ನಾಡಿನಲ್ಲಿ ಬಹಳ ಹಳೆಯ ಕಾರಣ ಭಕ್ತಿ. ಚಿಕ್ಕಮಗಳೂರಿನ ಬಳಿಯ ಬಿಂಡಿಗ ದೇವೀರಮ್ಮನ ಬೆಟ್ಟವನ್ನು ದೀಪಾವಳಿಯ ಸಂದರ್ಭದಲ್ಲಿ ಮಾತ್ರ ಏರುವ ಸಂಪ್ರದಾಯವಿದ್ದು, ಆ ಹೊತ್ತಿಗೆ ಸಾವಿರಾರು ಜನ, ಎಷ್ಟೋ ಮಂದಿ ಬರಿಗಾಲಿನಲ್ಲಿ, ನಡುರಾತ್ರಿಯಿಂದಲೇ ಹತ್ತತೊಡಗುತ್ತಾರೆ. ಒಂದು ಶಿಖರ ಆ ಹಬ್ಬದ ಹೊತ್ತಿಗೆ ಇಷ್ಟು ಜನರನ್ನು ಹೊರುತ್ತದೆ, ಆಮೇಲೆ ವರ್ಷದ ಉಳಿದ ಕಾಲವೆಲ್ಲ ಅದಕ್ಕೆ ಬಿಡುವು. ಶಿವರಾತ್ರಿಗೆ ಚಾರ್ಮಾಡಿ ಘಾಟಿಯಲ್ಲಿ ಧರ್ಮಸ್ಥಳಕ್ಕೆ ಇಳಿಯುವ ಪಾದಯಾತ್ರಿಗಳದೂ ಹೀಗೆಯೇ ಒಂದು ಋತು, ಒಂದು ದಾರಿ. ಯಾತ್ರಿಕರು ಪರಿಸರಪ್ರಜ್ಞೆಯ ಮಾದರಿಗಳೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಘಾಟಿಯ ತಿರುವುಗಳಲ್ಲಿ ಮರುದಿನ ಬಿದ್ದಿರುವ ಪ್ಲಾಸ್ಟಿಕ್ ಲೋಟಗಳು ಬೇರೆಯದೇ ಕತೆ ಹೇಳುತ್ತವೆ. ಗಮನಿಸಬೇಕಾದದ್ದು ಇಷ್ಟು: ಭಕ್ತಿಯೆಂಬ ಪ್ರೇರಣೆ ತನ್ನ ಜೊತೆಗೆ ಕಾಲದ ಕಟ್ಟಳೆಯನ್ನೂ ತಂದಿತು, ವಾರಾಂತ್ಯದ ವಿಹಾರಕ್ಕೆ ಅಂತಹ ಕಟ್ಟಳೆ ಹುಟ್ಟುವ ಮೊದಲೇ ರಸ್ತೆ ಬಂದಿತು. ವರ್ಷದ 52 ವಾರಾಂತ್ಯಗಳಲ್ಲೂ ಒಂದೇ ಬೆಟ್ಟವನ್ನು ಹತ್ತಿಸುವ ತಂಡವೊಂದು ಅದಕ್ಕೆ ಬಿಡುವಿನ ತಿಂಗಳುಗಳನ್ನು ತಾನಾಗಿ ಗೊತ್ತುಮಾಡಿದ್ದು ವಿರಳ.

ಸಾಹಸದ ಪ್ರೇರಣೆಗೆ ಬೇಕಾದದ್ದು ಕಲ್ಲು. ತನ್ನ ಮಿತಿಯನ್ನು ಪರೀಕ್ಷಿಸಿಕೊಳ್ಳಬೇಕೆನ್ನುವವರಿಗೆ ಬಾದಾಮಿಯ ಗೋಡೆಗಳು, ಸಾವನದುರ್ಗದ ಇಳುಕಲು, ಆನೆಗೊಂದಿಯ ಗುಂಡುಗಳು ಕೊಡುವಷ್ಟನ್ನು ಯಾವ ಹುಲ್ಲುಗಾವಲೂ ಕೊಡಲಾರದು, ಮತ್ತು ಕಲ್ಲು ತುಳಿತವನ್ನು ತಾಳುತ್ತದೆ. ಆದರೆ ಕಲ್ಲಿನಲ್ಲೂ ವಾಸಿಗಳಿದ್ದಾರೆ. ‘ಶೋಲೆ’ ಚಿತ್ರದಿಂದ ದೇಶಕ್ಕೆಲ್ಲ ಪರಿಚಿತವಾದ ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಯಿತು. ಅಲ್ಲಿನ ಉದ್ದಕೊಕ್ಕಿನ ರಣಹದ್ದು ಬಂಡೆಯ ಚಾಚುಗಳ ಮೇಲೆ ಗೂಡು ಕಟ್ಟಿ ವರ್ಷಕ್ಕೆ ಒಂದೇ ಮೊಟ್ಟೆಯಿಡುತ್ತದೆ, ಗೂಡಿನ ಕಾಲ ಚಳಿಗಾಲದಲ್ಲಿ ಆರಂಭವಾಗುತ್ತದೆ. ಹಗ್ಗದ ಆರೋಹಿಗಳಿಗೂ ಸೂರ್ಯೋದಯ ನೋಡುವವರಿಗೂ ಬಯಲುಸೀಮೆಯ ಬೆಟ್ಟಗಳು ಪ್ರಿಯವಾಗುವುದು ಅದೇ ತಿಂಗಳುಗಳಲ್ಲಿ. ಒಂದು ಮೊಟ್ಟೆ ಹಾಳಾದರೆ ಆ ಜೋಡಿಗೆ ಆ ವರ್ಷವೇ ಹೋಯಿತು ಎಂಬುದು ತಿಳಿದಿದ್ದರೆ ಗೂಡಿರುವ ಮುಖವನ್ನು ಬಿಟ್ಟು ಬೇರೆ ಬಂಡೆಗೆ ಹೋಗುವುದು ಯಾರಿಗೂ ಕಷ್ಟವಲ್ಲ. ರಾಮನಗರದ ಸುತ್ತ ಬಂಡೆಗಳಿಗೆ ಬರವಿಲ್ಲ.

ಇನ್ನು ದಣಿದ ಮನಸ್ಸಿನ ವಿಶ್ರಾಂತಿ. ನಗರದ ಕೆಲಸಗಾರರಲ್ಲಿ ಬಹುಮಂದಿ ಬೆಟ್ಟಕ್ಕೆ ಹೆಸರು ಬರೆಸುವುದು ಇದಕ್ಕಾಗಿಯೇ. ಮಿಶಿಗನ್ ವಿಶ್ವವಿದ್ಯಾಲಯದ ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ದಂಪತಿ 1989ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ ‘ಗಮನ ಪುನಶ್ಚೇತನ’ದ ಸಿದ್ಧಾಂತದ ಪ್ರಕಾರ, ಬಲವಂತವಾಗಿ ಒಂದೆಡೆ ಹಿಡಿದಿಡುವ ಗಮನ ಬಳಸಿದಷ್ಟೂ ದಣಿಯುತ್ತದೆ, ಮತ್ತು ಅದು ಚೇತರಿಸಿಕೊಳ್ಳಲು ಪರಿಸರದಲ್ಲಿ ನಾಲ್ಕು ಗುಣಗಳಿರಬೇಕು: ನಿತ್ಯದ ಬದುಕಿನಿಂದ ದೂರವಾದ ಭಾವ, ಶ್ರಮವಿಲ್ಲದೆ ಸೆಳೆಯುವ ಆಕರ್ಷಣೆ, ತನ್ನಷ್ಟಕ್ಕೆ ಒಂದು ಲೋಕವೆನಿಸುವ ವಿಸ್ತಾರ, ಬಂದವರ ಉದ್ದೇಶಕ್ಕೂ ಜಾಗಕ್ಕೂ ಹೊಂದಾಣಿಕೆ. ಇವುಗಳಲ್ಲಿ ಕೊನೆಯದನ್ನೇ ಸಂಘಟಕರು ಹೆಚ್ಚಾಗಿ ಕೆಡಿಸುತ್ತಾರೆ. ರಾತ್ರಿಯಿಡೀ ಕುಳಿತಲ್ಲೇ ತೂಕಡಿಸಿ, ನಸುಕಿನಲ್ಲಿ ಜೀಪಿಗೆ ಹತ್ತಿ, ಬ್ಲೂಟೂತ್ ಸ್ಪೀಕರಿನ ಹಾಡಿನೊಂದಿಗೆ ನಲವತ್ತು ಜನರ ಸಾಲಿನಲ್ಲಿ ಏರಿ, ಮಧ್ಯಾಹ್ನ ಮೂರಕ್ಕೆ ಇಳಿಯಲೇಬೇಕೆಂಬ ಗಡಿಯಾರದ ಕೆಳಗೆ ನಡೆದವರ ಗಮನ ಸೋಮವಾರ ಚೇತರಿಸಿಕೊಂಡಿರುತ್ತದೆಂದು ನಂಬುವುದು ಕಷ್ಟ. ಅಂಥವರಿಗೆ ಶನಿವಾರ ಬೆಳಿಗ್ಗೆ ಲಾಲ್‌ಬಾಗಿನ 240 ಎಕರೆಯಲ್ಲಿ ಎರಡು ತಾಸು, ಅಥವಾ ಗೂಡಿನ ಕಾಲದಲ್ಲಿ ಕೊಕ್ಕರೆ ಬೆಳ್ಳೂರಿನ ಒಂದು ಹುಣಸೆ ಮರದ ಕೆಳಗೆ ಅರ್ಧ ದಿನ, ಎಷ್ಟೋ ಹೆಚ್ಚನ್ನು ಕೊಟ್ಟೀತು. ಇದನ್ನು ಮಾರುವುದು ಕಷ್ಟ ಎಂಬ ಉತ್ತರ ನಿರೀಕ್ಷಿತವೇ.

ಕಲಿಕೆಯ ಪ್ರೇರಣೆಗೆ ಕನ್ನಡದಲ್ಲಿ ಒಳ್ಳೆಯ ಪರಂಪರೆಯಿದೆ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಅನುಭವಗಳ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ತೇಜಸ್ವಿಯವರನ್ನು ಓದಿ ಮೂಡಿಗೆರೆಯ ಕಡೆ ಹೊರಟವರಂತೂ ಲೆಕ್ಕವಿಲ್ಲ. ಹೀಗೆ ಹೋಗುವವರಿಗೆ ಶಿಖರ ಬೇಕಾಗಿಲ್ಲ, ಒಂದು ಹಳ್ಳದ ದಡ ಸಾಕು. ಅವರ ಸಂಖ್ಯೆಯೂ ಚಿಕ್ಕದು.

ಸಂಘಟಕರ ಕಡೆಯಿಂದ ಬರುವ ಆಕ್ಷೇಪಗಳಲ್ಲಿ ಒಂದು ತೂಕದ್ದು. ಸಂಸೆ, ಕುಕ್ಕೆಯಂತಹ ಊರುಗಳಲ್ಲಿ ಹೋಂಸ್ಟೇ ನಡೆಸುವವರು, ಜೀಪು ಓಡಿಸುವವರು, ಮಾರ್ಗದರ್ಶಕರು ಈ ಚಾರಣಿಗರನ್ನೇ ನೆಚ್ಚಿಕೊಂಡಿದ್ದಾರೆ. ಅಡಿಕೆ, ಕಾಫಿಯ ಬೆಲೆ ಬಿದ್ದ ವರ್ಷಗಳಲ್ಲಿ ಮನೆ ನಡೆದದ್ದು ಇವರಿಂದ ಎಂಬುದು ನಿಜ. ಆದರೆ ಆ ಮನೆಗಳಿಗೆ ಆದಾಯ ಬರುವುದು ಊರಿನಲ್ಲಿ ತಂಗಿದವರಿಂದ, ತುದಿ ಮುಟ್ಟಿದವರಿಂದ ಅಲ್ಲ. ಒಡನಾಟಕ್ಕೂ ವಿಶ್ರಾಂತಿಗೂ ಬಂದ ಹತ್ತು ಜನ ಎರಡು ರಾತ್ರಿ ತೋಟದ ಮನೆಯಲ್ಲಿ ತಂಗಿ, ಕಡುಬು, ಪತ್ರೊಡೆ ತಿಂದು, ಊರಿನವರೊಬ್ಬರ ಜೊತೆ ತೋಟ, ಗದ್ದೆ, ಹಳ್ಳಗಳ ದಾರಿಯಲ್ಲಿ ಅಡ್ಡಾಡಿ ಮರಳಿದರೆ ಊರಿಗೆ ಬರುವ ಹಣ ಕಡಿಮೆಯಾಗದು. ಸಾಧನೆಗೆ ಬಂದ ಇಬ್ಬರು ಮಾತ್ರ ಶಿಖರಕ್ಕೆ ಹೋದರೆ ಸಾಕು. ಹಾಗಾದಾಗ ಮುನ್ನೂರರ ಮಿತಿಯೂ ಬಹಳ ದೊಡ್ಡದೆನಿಸೀತು.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ನೋಂದಣಿಯ ನಮೂನೆಯಲ್ಲಿ ಹೆಸರು, ವಯಸ್ಸು, ರಕ್ತದ ಗುಂಪು ಕೇಳುವ ಕಡೆ ಬರುವವರಿಗೆ ಮುಖ್ಯವಾಗಿ ಬೇಕಾದದ್ದೇನು ಎಂಬ ಪ್ರಶ್ನೆಯನ್ನೂ ಸೇರಿಸಿ, ಉತ್ತರ ನೋಡಿ ಜಾಗವನ್ನು ಸೂಚಿಸಿದರೆ ಅರ್ಧ ಕೆಲಸ ಆದಂತೆ. ದಾರಿಯಿಲ್ಲದ ಗುಡ್ಡಗಳನ್ನು ಪಟ್ಟಿಗೆ ಸೇರಿಸುವುದನ್ನು ನಿಲ್ಲಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಣಿನ ದಾರಿಗಳಿಗೆ ದೊಡ್ಡ ತಂಡಗಳನ್ನು ಒಯ್ಯಬಾರದು, ಆ ತಿಂಗಳುಗಳಲ್ಲಿ ಬಯಲುಸೀಮೆಯ ಕೋಟೆಗಳಿವೆ, ಕಲ್ಲು ಒಣಗಿದ ದಿನ ನೋಡಿ ಹತ್ತಬಹುದು. ಫೆಬ್ರವರಿಯಿಂದ ಮೊದಲ ಮಳೆ ಬೀಳುವ ತನಕವಂತೂ ಇಲಾಖೆ ಬಾಗಿಲು ಮುಚ್ಚಲಿ ಬಿಡಲಿ, ಒಣಹುಲ್ಲಿನ ಬೆಟ್ಟಗಳಿಗೆ ಯಾರನ್ನೂ ಕರೆದೊಯ್ಯಬಾರದು. ತಮಿಳುನಾಡಿನ ಥೇಣಿ ಜಿಲ್ಲೆಯ ಕುರಂಗಣಿಯಲ್ಲಿ 2018ರ ಮಾರ್ಚ್ 11ರಂದು ಇಂತಹುದೇ ಇಳಿಜಾರಿನಲ್ಲಿ ಬೆಂಕಿ ಹಬ್ಬಿ ಇಪ್ಪತ್ತಕ್ಕೂ ಹೆಚ್ಚು ಚಾರಣಿಗರು ಸತ್ತರು. ವಾರಾಂತ್ಯಕ್ಕೆಂದು ನಗರಗಳಿಂದ ಹೋಗಿದ್ದ ತಂಡಗಳು ಅವು. ಒಣಗಿದ ಹುಲ್ಲಿನಲ್ಲಿ ಬೆಂಕಿ ಇಳಿಜಾರನ್ನು ಏರುವ ವೇಗಕ್ಕೆ ಮನುಷ್ಯ ಓಡಲಾರ, ಮತ್ತು ಏಣಿನ ಮೇಲೆ ಓಡಲು ಇರುವ ದಿಕ್ಕುಗಳೂ ಎರಡೇ. ಫೆಬ್ರವರಿಯ ಪಟ್ಟಿಗಳು ಸಿದ್ಧವಾಗುವುದು ಡಿಸೆಂಬರಿನಲ್ಲಿ; ಆ ಹೊತ್ತಿಗೆ ಈ ಪತ್ರ ಸಂಘಟಕರ ಕೈಸೇರಿರಲಿ ಎಂಬುದು ಕೋರಿಕೆ.

ಇತಿ,
ಬೆಟ್ಟಗಳ ಹಿತೈಷಿಗಳ ಪರವಾಗಿ